ಚೆನ್ನಾಗಿದ್ದ ರೈಫಲ್ ಇದ್ದಕ್ಕಿದ್ದಂತೆ ಗುರಿ ತಪ್ಪುತ್ತಿದೆ, ಎಲ್ಲಿಂದ ಹುಡುಕಲಿ?

ಕಾಡುಹಾದಿ
ಪಾಯಿಂಟ್ 308 ಬೋಲ್ಟ್ ಆ್ಯಕ್ಷನ್ ರೈಫಲ್, ವಾಲ್ನಟ್ ಮರದ ಸ್ಟಾಕ್ (ನಳಿಗೆ ಕೂರುವ ಮರದ ಮೈ), ಮೇಲೆ 3ರಿಂದ 9 ಪಟ್ಟು ಹಿಗ್ಗಿಸುವ ಸ್ಕೋಪ್. ಮೊದಲಿಂದಲೂ ಒಂದೇ ಕಂಪನಿಯ 150 ಗ್ರೇನ್ ತೂಕದ ಗುಂಡಿನ ತೋಟಾ. 100 ಮೀಟರಿಗೆ ಕೂತು ಹೊಡೆದರೆ ಒಂದೂವರೆ ಇಂಚಿನೊಳಗೆ ಗುಂಡು ಕೂರುತ್ತಿತ್ತು. ಹೋದ ಸೀಸನ್ ಮುಗಿದ ಮೇಲೆ ಚೆನ್ನಾಗಿ ಒರೆಸಿ, ಧಾರಾಳವಾಗಿ ಎಣ್ಣೆ ಬಿಟ್ಟು ಬೀರುವಿನಲ್ಲಿ ನಿಲ್ಲಿಸಿದ್ದೆ. ಈಗ ತೆಗೆದು ಝೀರೋ (ಸ್ಕೋಪ್ ತೋರಿಸಿದ ಕಡೆಗೇ ಗುಂಡು ಬೀಳುತ್ತದಾ ಅಂತ) ನೋಡೋಣ ಅಂತ ಹೊಡೆದರೆ ಐದು ಇಂಚು ಹರಡುತ್ತಿದೆ.

ರೈಫಲ್ ಕೆಳಗೆ ಬಿದ್ದಿಲ್ಲ, ಯಾರ ಕೈಗೂ ಕೊಟ್ಟಿಲ್ಲ. ಸ್ಕೋಪ್ ರಿಂಗಿನ ಸ್ಕ್ರೂ ಅಲುಗಾಡುವುದಿಲ್ಲ. ಸ್ಟಾಕಿನ ಕೆಳಗಿನ ಎರಡು ಸ್ಕ್ರೂ ಸ್ವಲ್ಪ ಸಡಿಲ ಅನಿಸಿತು, ಬಿಗಿ ಮಾಡಿದೆ. ಕಮ್ಮಿ ಆಗುವ ಬದಲು ಇನ್ನೂ ಜಾಸ್ತಿ ಹರಡಿತು! ಹಿಂಗ್ಯಾಕೆ?

ಸುಮ್ನೆ ಓದುಗ
ಹೊಸದು ತಗೊಳ್ಳೋಕೆ ಮನೆಯಲ್ಲಿ ಒಪ್ಪಿಸಲು ಒಳ್ಳೆ ನೆಪ ಸಿಕ್ಕಿದೆ ಗುರೂ, ರಿಪೇರಿ ಗಿಪೇರಿ ಅಂತ ಹಾಳು ಮಾಡಿಕೊಳ್ಳಬೇಡಿ.

ಗುರಿಗಣ್ಣು
ಮೊದಲು ಒಂದು ವಿಷಯ ಸ್ಪಷ್ಟ ಮಾಡಿ. ಗುಂಡುಗಳೆಲ್ಲ ಒಟ್ಟಿಗೇ ಬಿದ್ದು ಆ ಗುಂಪೇ ಪಕ್ಕಕ್ಕೆ ಸರಿದಿದೆಯೋ, ಅಥವಾ ಗುಂಪು ಒಡೆದು ಹರಡಿದೆಯೋ? ಎರಡೂ ಬೇರೆ ಬೇರೆ ಕಾಯಿಲೆ. ಗುಂಪು ಬಿಗಿಯಾಗಿಯೇ ಇದ್ದು ಜಾಗ ಬದಲಿಸಿದ್ದರೆ ಝೀರೋ ಸರಿದಿದೆ ಅಷ್ಟೇ, ಸ್ಕೋಪಿನ ಗುಂಡಿ ತಿರುಗಿಸಿದರೆ ಮುಗಿಯಿತು. ಹರಡಿದ್ದರೆ ಗುಂಡಿ ಮುಟ್ಟಲೇಬೇಡಿ. ಪ್ರತಿ ಗುಂಡಿನ ಹಿಂದೆ ಓಡಿ ಕ್ಲಿಕ್ ತಿರುಗಿಸುತ್ತಾ ಕೂತರೆ ಒಂದು ಡಬ್ಬ ತೋಟಾ ಖಾಲಿಯಾಗುತ್ತದೆ, ತಲೆ ಕೆಡುತ್ತದೆ.

ಎರಡನೇ ಪ್ರಶ್ನೆ. ಹರಡಿದ್ದು ಮೇಲೆ ಕೆಳಗೋ, ಎಡ ಬಲಕ್ಕೋ, ಇಲ್ಲಾ ಎರಡು ಬೇರೆ ಬೇರೆ ಗುಂಪಾಗಿಯೋ? ಎರಡು ಗುಂಪಾಗಿದ್ದರೆ ಸ್ಕೋಪಿನ ಒಳಗಿನ ಗೆರೆ ಎರಡು ಜಾಗಕ್ಕೆ ಜಿಗಿಯುತ್ತಿದೆ, ಅಥವಾ ಆ್ಯಕ್ಷನ್ (ಬೋಲ್ಟ್ ಆಡುವ ಲೋಹದ ಭಾಗ) ಸ್ಟಾಕಿನಲ್ಲಿ ಎರಡು ಕಡೆ ಕೂರುತ್ತಿದೆ ಅಂತ ಅನುಮಾನ ಪಡಬಹುದು.

ಹಳೇ ಬೋಲ್ಟ್
ಇದಕ್ಕೂ ಮುಂಚೆ ಒಂದು ಮಾತು. ಇನ್ನೊಂದು ಗುಂಡು ಹಾರಿಸುವ ಮೊದಲು ರೈಫಲ್ ಖಾಲಿ ಮಾಡಿ, ಬೋಲ್ಟ್ ಹೊರಗೆ ತೆಗೆದು, ಹಿಂದಿನಿಂದ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಬೀರುವಿನಲ್ಲಿ ನಿಂತ ನಳಿಗೆಯೊಳಗೆ ಹುಳ ಗೂಡು ಕಟ್ಟಿರಬಹುದು, ಒರೆಸಿದ ಬಟ್ಟೆ ತುಂಡು ಉಳಿದಿರಬಹುದು, ಎಣ್ಣೆ ಮಡುಗಟ್ಟಿರಬಹುದು. ಅಡ್ಡ ಏನಾದರೂ ಇದ್ದರೆ ಗುರಿ ತಪ್ಪುವುದು ಚಿಕ್ಕ ವಿಷಯ, ನಳಿಗೆಯೇ ಸೀಳಬಹುದು. ಎಣ್ಣೆ ಇರುವ ನಳಿಗೆಯ ಮೊದಲ ಗುಂಡು ಸಾಮಾನ್ಯವಾಗಿ ಬೇರೆ ಕಡೆ ಹೋಗುತ್ತದೆ. ಒಣ ಪ್ಯಾಚ್ (ಒರೆಸುವ ಬಟ್ಟೆ ತುಂಡು) ಹಾಕಿ ಒರೆಸಿದ ಮೇಲೆಯೇ ಲೆಕ್ಕಕ್ಕೆ ಹಿಡಿಯಿರಿ.

ಮದ್ದುಗುಂಡು
ತೋಟಾದ ಡಬ್ಬದ ಮೇಲಿನ ಲಾಟ್ ನಂಬರ್ ನೋಡಿದಿರಾ? ಕಂಪನಿ ಅದೇ, ಗ್ರೇನ್ ಅದೇ, ಬಣ್ಣ ಅದೇ, ಆದರೆ ಲಾಟ್ ಬೇರೆಯಾದರೆ ಒಳಗಿನ ಮದ್ದೂ ಬೇರೆ ಇರಬಹುದು. ನಮ್ಮ ಬಳಗದಲ್ಲಿ ಇಂಥ ದೂರುಗಳಲ್ಲಿ ಅರ್ಧಕ್ಕರ್ಧ ಇದೇ.

ಕಾಡುಹಾದಿ
ಗುರಿಗಣ್ಣು ಸರ್, ಗುಂಪು ಸರಿದಿಲ್ಲ, ಒಡೆದು ಹರಡಿದೆ. ಹೆಚ್ಚಾಗಿ ಮೇಲೆ ಕೆಳಗೆ, ಸ್ವಲ್ಪ ಪಕ್ಕಕ್ಕೂ ಇದೆ. ತೂತುಗಳೆಲ್ಲ ದುಂಡಗಿವೆ, ಅಂದರೆ ಗುಂಡು ಓರೆಯಾಗಿ ಬೀಳುತ್ತಿಲ್ಲ.
ಹಳೇ ಬೋಲ್ಟ್ ಸರ್, ನಳಿಗೆ ಕ್ಲೀನ್ ಇದೆ, ಒಣ ಪ್ಯಾಚ್ ಹಾಕಿಯೇ ಹೊಡೆದಿದ್ದು.
ಮದ್ದುಗುಂಡು ಅವರೇ, ಹೋದ ಸೀಸನ್‌ನ ಡಬ್ಬದಲ್ಲೇ ಉಳಿದ ತೋಟಾ ಇವು. ಲಾಟ್ ಬದಲಾಗಿಲ್ಲ.

ಮದ್ದುಗುಂಡು
ಹಾಗಾದರೆ ನಾನು ಸೋತೆ. ಆದರೂ ಬೇರೆ ಕಂಪನಿಯದ್ದು ಒಂದಷ್ಟು ಹೊಡೆದು ನೋಡಿ. ಎರಡೂ ತೋಟಾ ಹರಡಿದರೆ ತೋಟಾದ ತಪ್ಪಲ್ಲ ಅಂತ ಖಾತ್ರಿ ಆಗುತ್ತದೆ.

ನಳಿಗೆ ಪುರಾಣ
ಬ್ಯಾರಲ್ ಸವೆದಿದೆ. ಅಷ್ಟೇ ಕಥೆ. ಹಳೇ ರೈಫಲ್ ಅಂದಮೇಲೆ ಇನ್ನೇನು.

ಗುರಿಗಣ್ಣು
ಅಲ್ಲ ಸ್ವಾಮಿ, ಬ್ಯಾರಲ್ ರಾತ್ರೋರಾತ್ರಿ ಸವೆಯುತ್ತದಾ? ಪಾಯಿಂಟ್ 308 ಮೆತ್ತನೆ ತೋಟಾ. ಸುಮಾರಾಗಿ ನೋಡಿಕೊಂಡರೂ 5000 ಗುಂಡು ಸಲೀಸಾಗಿ ತಡೆಯುತ್ತದೆ. ಹೆಚ್ಚು ಮದ್ದು ತುಂಬಿದ ದೊಡ್ಡ ಮ್ಯಾಗ್ನಮ್‌ಗಳಾದರೆ ಅದಕ್ಕಿಂತ ತುಂಬಾ ಬೇಗ ನಳಿಗೆಯ ಗಂಟಲು (ಒಳಗಿನ ಗೀರು ಶುರುವಾಗುವ ಜಾಗ) ಸುಟ್ಟುಕೊಳ್ಳುತ್ತವೆ, ಆ ಮಾತು ಬೇರೆ. ಬೇಟೆ ರೈಫಲ್ ವರ್ಷಕ್ಕೆ ಎಷ್ಟು ಗುಂಡು ಹಾರಿಸುತ್ತದೆ ಹೇಳಿ. ಸವೆತ ಅಂದರೆ ನಿಧಾನಕ್ಕೆ ಹದಗೆಡಬೇಕು, ಹೀಗೆ ದಿಢೀರ್ ಅಂತ ಅಲ್ಲ.

ನಳಿಗೆ ಪುರಾಣ
ನಿಧಾನಕ್ಕೇ ಕೆಟ್ಟಿರುತ್ತದೆ, ಇವರು ಗಮನಿಸಿರಲ್ಲ ಅಷ್ಟೇ. ಮೂರು ಗುಂಡು ಹೊಡೆದು ಒಂದೂವರೆ ಇಂಚು ಅಂತ ಬೀಗುವವರು ಎಷ್ಟು ಜನ ಇಲ್ಲ.

ಗುರಿಗಣ್ಣು
ಆ ಮಾತು ಒಪ್ಪುತ್ತೇನೆ. ಮೂರು ಗುಂಡಿನ ಗ್ರೂಪ್ ನಂಬಬೇಡಿ, ಅದೃಷ್ಟಕ್ಕೂ ಚೆನ್ನಾಗಿ ಬರುತ್ತದೆ, ದುರದೃಷ್ಟಕ್ಕೂ ಹರಡುತ್ತದೆ. ಹತ್ತು ಹೊಡೆದು ನೋಡಿ, ಆಗ ರೈಫಲ್ ಏನು ಅಂತ ಗೊತ್ತಾಗುತ್ತದೆ. ಅದೂ ನಳಿಗೆ ಆರಲು ಬಿಟ್ಟು ಬಿಟ್ಟು. ಬಿಸಿಯಾದ ತೆಳು ನಳಿಗೆ ಗುಂಡನ್ನು ಮೇಲಕ್ಕೆ ಮೇಲಕ್ಕೆ ಎಳೆಯಬಹುದು, ಮೇಲಿಂದ ಏಳುವ ಬಿಸಿಗಾಳಿಗೆ ಸ್ಕೋಪಿನಲ್ಲಿ ಗುರಿಯೂ ಕುಣಿಯುತ್ತದೆ.

ಪ್ಯಾಚ್ ಪ್ರೇಮಿ
ತಾಮ್ರ ತೆಗೆದಿದ್ದೀರಾ? ಗುಂಡಿನ ತಾಮ್ರದ ಕವಚ ಉಜ್ಜಿ ಉಜ್ಜಿ ನಳಿಗೆಯ ಗೀರುಗಳಲ್ಲಿ ಪದರ ಕಟ್ಟುತ್ತದೆ. ಎಣ್ಣೆ ಹಾಕಿ ಒರೆಸಿದರೆ ಅದು ಹೋಗಲ್ಲ. ಅಮೋನಿಯಾ ಇರುವ ಸಾಲ್ವೆಂಟ್ ಹಾಕಿ, ಬಾಟಲಿ ಮೇಲೆ ಬರೆದಷ್ಟೇ ಹೊತ್ತು ಬಿಟ್ಟು ಪ್ಯಾಚ್ ತೂರಿಸಿ. ನೀಲಿ ಬಂದರೆ ತಾಮ್ರ ಇದೆ ಅಂತ. ನೀಲಿ ನಿಲ್ಲುವ ತನಕ ಬಿಡಬೇಡಿ.

ಹಳೇ ಬೋಲ್ಟ್
ಒಂದು ಎಚ್ಚರಿಕೆ ಪ್ಯಾಚ್ ಪ್ರೇಮಿ ಅವರೇ. ರಾಡಿನ ತುದಿಗೆ ಹಿತ್ತಾಳೆಯ ಜ್ಯಾಗ್ (ಪ್ಯಾಚ್ ಹಿಡಿಯುವ ಮೊನೆ) ಇದ್ದರೆ ಸಾಲ್ವೆಂಟ್ ಅದನ್ನೇ ಕರಗಿಸಿ ಪ್ಯಾಚ್ ನೀಲಿ ಮಾಡುತ್ತದೆ. ಕಂಚಿನ ಬ್ರಷ್ ಆದರೂ ಅಷ್ಟೇ. ಆಮೇಲೆ ಜನ ಇಲ್ಲದ ತಾಮ್ರಕ್ಕೆ ವಾರಗಟ್ಟಲೆ ಉಜ್ಜುತ್ತಾ ಕೂರುತ್ತಾರೆ. ನೈಲಾನ್ ಬಳಸಿ. ಮತ್ತೆ ರಾಡು ಹಿಂದಿನಿಂದಲೇ ಹೋಗಬೇಕು, ಬಾಯಿಯ ಕಡೆಯಿಂದ ತುರುಕಬಾರದು.

ಮೊನ್ನೆ ಬಂದವನು
ಬಾಯಿಯಿಂದ ಯಾಕೆ ಬೇಡ? ಕ್ಲೀನ್ ಆದರೆ ಸಾಕಲ್ವಾ?

ಹಳೇ ಬೋಲ್ಟ್
ಗುಂಡು ರೈಫಲ್ಲನ್ನು ಕೊನೆಯದಾಗಿ ಮುಟ್ಟುವುದು ನಳಿಗೆಯ ಬಾಯಿಯ ಅಂಚನ್ನು. ಕ್ರೌನ್ ಅನ್ನುತ್ತಾರೆ. ಗುಂಡು ಹೊರಗೆ ಬಿದ್ದ ಕ್ಷಣ ಹಿಂದಿನ ಅನಿಲ ಸುತ್ತಲೂ ಒಂದೇ ಸಮ ಹೊರಬರಬೇಕು. ಅಂಚಿನ ಒಂದು ಕಡೆ ಚೂರು ಸವೆದಿದ್ದರೂ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಹಿಂಭಾಗವನ್ನು ತಳ್ಳಿಬಿಡುತ್ತದೆ. ರಾಡು ಬಾಯಿಯಿಂದ ಹೋದರೆ ಉಜ್ಜುವುದು ಅದೇ ಅಂಚಿಗೆ ತಮ್ಮಾ.

ಪರೀಕ್ಷೆ ಸುಲಭ. ಹತ್ತಿ ಸುತ್ತಿದ ಕಿವಿಕಡ್ಡಿ ತಗೊಂಡು ಬಾಯಿಯ ಒಳ ಅಂಚಿನ ಮೇಲೆ ಒಳಗಿಂದ ಹೊರಕ್ಕೆ ಎಳೆಯುತ್ತಾ ಸುತ್ತಲೂ ಬನ್ನಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳು ಎದ್ದಿದೆ. ಲೇತ್ ಇರುವವರ ಹತ್ತಿರ ಕ್ರೌನ್ ಹೊಸದಾಗಿ ಕೊರೆಸಿದರೆ ಸರಿಹೋಗುತ್ತದೆ, ಬ್ಯಾರಲ್ ಬದಲಿಸಬೇಕಿಲ್ಲ.

ತಂಗಾಳಿ
ಬೈಕೋಬೇಡಿ, ಆದರೆ ಯಾರೂ ಕೇಳದ ಪ್ರಶ್ನೆ ಕೇಳುತ್ತೇನೆ. ಹೊಡೆಯುವವರು ಸರಿ ಇದ್ದಾರಾ? ತಿಂಗಳುಗಟ್ಟಲೆ ಕೈಬಿಟ್ಟು ಹಿಡಿದರೆ ಟ್ರಿಗರ್ ಎಳೆಯುವ ಮೊದಲೇ ಭುಜ ಬಿಗಿಯಾಗುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಸದ್ದಿಗೆ, ಒದೆತಕ್ಕೆ ಹೆದರಿಕೆ. ಇದು ಹೊಡೆಯುವವರಿಗೆ ಗೊತ್ತೇ ಆಗಲ್ಲ. ಬೇರೊಬ್ಬರ ಕೈಲಿ ಮ್ಯಾಗಜಿನ್ ತುಂಬಿಸಿ, ನಡುವೆ ಡಮ್ಮಿ ತೋಟಾ ಸೇರಿಸಲಿ. ಡಮ್ಮಿ ಬಂದಾಗ ನಳಿಗೆ ಕೆಳಕ್ಕೆ ಕುಕ್ಕಿದರೆ ಉತ್ತರ ಸಿಕ್ಕಿತು.

ಕಾಡುಹಾದಿ
ಅಕ್ಕಾ, ಬೈಯುವುದೇನಿಲ್ಲ. ಇದೇ ಅನುಮಾನ ನನ್ನ ಗೆಳೆಯನಿಗೂ ಬಂತು. ಅವನು ಕೂತು ಹೊಡೆದ, ಅವನದ್ದೂ ಐದು ಇಂಚು. ಅವನ ರೈಫಲ್ ನಾನು ಹೊಡೆದೆ, ಒಂದಿಂಚು ಚಿಲ್ಲರೆ.

ತಂಗಾಳಿ
ಸರಿ ಹಾಗಾದರೆ, ನೀವು ಪಾಸು. ಈ ಪರೀಕ್ಷೆ ಮೊದಲೇ ಹೇಳಿದ್ದರೆ ನಾನು ಬರೆಯುವುದೇ ಬೇಕಿರಲಿಲ್ಲ 🙂

ಮೊನ್ನೆ ಬಂದವನು
ಗಾಳಿ ಇತ್ತಾ?

ಗುರಿಗಣ್ಣು
ಗಂಟೆಗೆ 16 ಕಿಲೋಮೀಟರ್ ಗಾಳಿ ನೇರ ಅಡ್ಡ ಬೀಸಿದರೂ ಈ ತೋಟಾ 100 ಮೀಟರಿಗೆ ಹೆಚ್ಚೆಂದರೆ ಒಂದು ಇಂಚಿನ ಆಸುಪಾಸು ಸರಿಯುತ್ತದೆ, ಅದೂ ಪಕ್ಕಕ್ಕೆ. ಐದು ಇಂಚು ಮೇಲೆ ಕೆಳಗೆ ಗಾಳಿಯ ಕೆಲಸ ಅಲ್ಲ.

ಮಸೂರ
ಸ್ಕೋಪಿನ ಕಡೆ ಬನ್ನಿ. ರಿಂಗಿನ ಸ್ಕ್ರೂ ಬಿಗಿ ಇದೆ ಅಂದಿರಿ. ಅದರ ಕೆಳಗೆ ಬೇಸ್ ಇರುತ್ತದಲ್ಲ, ಅದನ್ನು ರೈಫಲ್ಲಿಗೆ ಹಿಡಿದಿರುವ ಚಿಕ್ಕ ಸ್ಕ್ರೂಗಳನ್ನು ನೋಡಿದಿರಾ? ಸ್ಕೋಪ್ ಬಿಚ್ಚದೆ ಅವು ಕಾಣುವುದೇ ಇಲ್ಲ, ಅದಕ್ಕೇ ಯಾರೂ ನೋಡುವುದಿಲ್ಲ. ಮೇಲೆ ಕಲ್ಲಿನಂತೆ ಬಿಗಿ, ಕೆಳಗೆ ಅಲುಗಾಟ.

ಬೇಸ್ ಸರಿ ಇದ್ದರೆ ಗೆಳೆಯನ ರೈಫಲ್ಲಿನ ಸ್ಕೋಪ್ ತೆಗೆದು ನಿಮ್ಮದಕ್ಕೆ ಹಾಕಿ ಹೊಡೆಯಿರಿ. ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಸ್ಕೋಪ್ ಒಳಗಿನ ಸ್ಪ್ರಿಂಗ್ ಸೋತಿದ್ದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಪ್ರತಿ ಒದೆತಕ್ಕೂ ಗೆರೆ ಬೇರೆ ಜಾಗಕ್ಕೆ ಹೋಗಿ ಕೂರುತ್ತದೆ. ಇನ್ನೊಂದು, ರಿಂಗಿನ ಸ್ಕ್ರೂಗೆ ಹೆಚ್ಚೆಂದರೆ 18 ಇಂಚು-ಪೌಂಡ್, ಅಂದರೆ ಸುಮಾರು 2 ನ್ಯೂಟನ್ ಮೀಟರ್ ಸಾಕು. ಕೈಬಲ ತೋರಿಸಿದರೆ ಕೊಳವೆ ಅಮುಕಿ ಹೋಗುತ್ತದೆ.

ನಳಿಗೆ ಪುರಾಣ
ಇಂಚು, ಮೀಟರ್, ಪೌಂಡ್, ನ್ಯೂಟನ್ ಎಲ್ಲ ಕಲಸಿ ಹಾಕುತ್ತೀರಲ್ಲ, ಒಂದರಲ್ಲಿ ಮಾತಾಡಬಾರದಾ? ಒಂದು ಎಂಒಎ ಅಂದರೆ ಒಂದಿಂಚು ಅಂತ ಯಾರೋ ಹೇಳಿದ್ದರು, ಮೀಟರಿಗೋ ಗಜಕ್ಕೋ?

ಮಸೂರ
ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ. 100 ಗಜಕ್ಕೆ 1.047 ಇಂಚು. 100 ಮೀಟರಿಗೆ 2.9 ಸೆಂಟಿಮೀಟರ್. ಸ್ಕೋಪಿನ ಗುಂಡಿಯ ಕಾಲು ಎಂಒಎ ಕ್ಲಿಕ್ ಅಂದರೆ 100 ಮೀಟರಿಗೆ 7 ಮಿಲಿಮೀಟರ್ ಚಿಲ್ಲರೆ. ಬೇಟೆಗೆ ಇಷ್ಟು ತಿಳಿದರೆ ಸಾಕು.

ಸುಮ್ನೆ ಓದುಗ
ಗಣಿತದ ಪಿರಿಯಡ್ ಶುರುವಾಯಿತು, ನಾನು ಹೊರಗೆ.

ಕಾಡುಹಾದಿ
ಅಪ್‌ಡೇಟ್. ಸ್ಕೋಪ್ ಬಿಚ್ಚಿದೆ, ಬೇಸಿನ ಸ್ಕ್ರೂ ನಾಲ್ಕೂ ಬಿಗಿ ಇವೆ. ಗೆಳೆಯನ ಸ್ಕೋಪ್ ಹಾಕಿ ಹೊಡೆದರೂ ಅಷ್ಟೇ ಹರಡುತ್ತಿದೆ. ಬೇರೆ ಕಂಪನಿ ತೋಟಾ ಹಾಕಿದೆ, ಅದೂ ಹಾಗೇ. ಕಿವಿಕಡ್ಡಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನೈಲಾನ್ ಬ್ರಷ್ಷಿನಲ್ಲಿ ತಾಮ್ರ ತೆಗೆದೆ, ಸ್ವಲ್ಪ ನೀಲಿ ಬಂತು, ಆದರೆ ಗುರಿಯಲ್ಲಿ ವ್ಯತ್ಯಾಸ ಇಲ್ಲ. ನಳಿಗೆಗೂ ಮರಕ್ಕೂ ನಡುವೆ ಕಾಗದ ತೂರಿಸಿ ಎಳೆದೆ, ತಡೆಯಿಲ್ಲದೆ ಹಿಂದಿನವರೆಗೂ ಬರುತ್ತದೆ.

ಮದ್ದುಗುಂಡು
ಇಷ್ಟು ಶಿಸ್ತಾಗಿ ಒಂದೊಂದೇ ಬದಲಿಸಿ ನೋಡುವವರು ಅಪರೂಪ. ಹೆಚ್ಚಿನವರು ಸ್ಕೋಪ್, ತೋಟಾ, ಸ್ಕ್ರೂ ಎಲ್ಲ ಒಂದೇ ದಿನ ಬದಲಿಸಿ ಯಾವುದರಿಂದ ಸರಿಯಾಯಿತು ಅಂತ ಗೊತ್ತಿಲ್ಲದೆ ಮನೆಗೆ ಹೋಗುತ್ತಾರೆ.

ಬೈಪಾಡ್ ಭೂಪ
ಬೈಪಾಡ್ (ಮುಂದಿನ ಎರಡು ಊರುಗಾಲು) ಹಾಕಿದ್ದೀರಾ? ತೆಳು ಪ್ಲಾಸ್ಟಿಕ್ ಸ್ಟಾಕ್ ಆದರೆ ಬೈಪಾಡಿನ ಮೇಲೆ ಭಾರ ಬಿಟ್ಟ ಕೂಡಲೇ ಮುಂಭಾಗ ಬಾಗಿ ನಳಿಗೆಗೆ ತಾಗುತ್ತದೆ. ಕಾಗದದ ಪರೀಕ್ಷೆ ಮೇಜಿನ ಮೇಲೆ ಪಾಸು, ಹೊಡೆಯುವಾಗ ಫೇಲು.

ಕಾಡುಹಾದಿ
ಬೈಪಾಡ್ ಇಲ್ಲ. ಮರದ ಸ್ಟಾಕ್, ಮರಳು ಚೀಲದ ಮೇಲೆ ಇಟ್ಟು ಹೊಡೆದಿದ್ದು.

ಹಳೇ ಬೋಲ್ಟ್
ನಿಮ್ಮ ಮೊದಲ ಮಾತಿಗೇ ವಾಪಸ್ ಬರುತ್ತೇನೆ. ಸ್ಕ್ರೂ ಸಡಿಲ ಇತ್ತು, ಬಿಗಿ ಮಾಡಿದ ಮೇಲೆ ಜಾಸ್ತಿ ಕೆಟ್ಟಿತು ಅಂದಿರಿ. ಅದು ನನ್ನ ತಲೆಯಲ್ಲೇ ಕೊರೆಯುತ್ತಿದೆ. ಬರೀ ಸಡಿಲ ಆಗಿದ್ದರೆ ಬಿಗಿ ಮಾಡಿದಾಗ ಸರಿಹೋಗಬೇಕಿತ್ತು.

ಎರಡು ಪರೀಕ್ಷೆ ಮಾಡಿ. ರೈಫಲ್ ಖಾಲಿ, ಬೋಲ್ಟ್ ಹೊರಗೆ. ಹಿಡಿ ಕೆಳಗೆ ಮಾಡಿ ನೆಟ್ಟಗೆ ನಿಲ್ಲಿಸಿ. ಸ್ಟಾಕಿನ ಮುಂದಿನ ತುದಿಯಲ್ಲಿ ಒಂದು ಬೆರಳು ಅರ್ಧ ನಳಿಗೆ ಮೇಲೆ, ಅರ್ಧ ಮರದ ಮೇಲೆ ಬರುವ ಹಾಗೆ ಒತ್ತಿ ಹಿಡಿಯಿರಿ. ಈಗ ಇನ್ನೊಂದು ಕೈಯಲ್ಲಿ ಮುಂದಿನ ಸ್ಕ್ರೂ ನಿಧಾನಕ್ಕೆ ಸಡಿಲಿಸಿ. ಬೆರಳಿನ ಕೆಳಗೆ ನಳಿಗೆ ಮರದಿಂದ ದೂರ ಏಳುವುದು ಗೊತ್ತಾದರೆ ಸ್ಕ್ರೂ ಇಷ್ಟು ದಿನ ಆ್ಯಕ್ಷನ್ನನ್ನೇ ಬಗ್ಗಿಸಿ ಹಿಡಿದಿತ್ತು ಅಂತ ಅರ್ಥ. ಮತ್ತೆ ಬಿಗಿ ಮಾಡಿ, ಹಿಂದಿನ ಸ್ಕ್ರೂಗೂ ಹೀಗೇ ನೋಡಿ.

ಎರಡನೇದು. ಸ್ಕ್ರೂ ಎರಡೂ ಬಿಗಿ ಇರುವಾಗ ಕೆಳಗಿನ ಮುಚ್ಚಳ ತೆಗೆದು ಮ್ಯಾಗಜಿನ್ನಿನ ತಗಡಿನ ಪೆಟ್ಟಿಗೆಯನ್ನು ಬೆರಳಲ್ಲಿ ಮೇಲೆ ಕೆಳಗೆ ಅಲುಗಾಡಿಸಿ. ಒಂದು ಚೂರು ಆಡಬೇಕು. ಅಲ್ಲಾಡದೆ ಕಚ್ಚಿಕೊಂಡಿದ್ದರೆ ನನಗೆ ಹೇಳಿ.

ಪ್ಯಾಚ್ ಪ್ರೇಮಿ
ಮ್ಯಾಗಜಿನ್ ಪೆಟ್ಟಿಗೆಗೂ ಗುರಿಗೂ ಏನು ಸಂಬಂಧ ಸರ್? ಎಲ್ಲಿಂದ ಎಲ್ಲಿಗೆ ಹೋದಿರಿ.

ಹಳೇ ಬೋಲ್ಟ್
ಆ್ಯಕ್ಷನ್ ಮರದ ಮೇಲೆ ಕೂರಬೇಕು. ಮೇಲೆ ಆ್ಯಕ್ಷನ್, ಕೆಳಗೆ ಟ್ರಿಗರ್ ಗಾರ್ಡಿನ ಪಟ್ಟಿ, ನಡುವೆ ಮರ. ಪೆಟ್ಟಿಗೆಯೂ ಆ ಎರಡರ ನಡುವೆಯೇ ನಿಂತಿರುತ್ತದೆ. ನಡುವಿನ ಮರ ತೆಳ್ಳಗಾದರೆ ಸ್ಕ್ರೂ ಬಿಗಿದಾಗ ಪಟ್ಟಿ ಮೇಲೆ ಬಂದು ಪೆಟ್ಟಿಗೆಯನ್ನು ಆ್ಯಕ್ಷನ್ನಿಗೆ ಒತ್ತುತ್ತದೆ. ಆಮೇಲೆ ಆ್ಯಕ್ಷನ್ ಕೂತಿರುವುದು ಮರದ ಮೇಲಲ್ಲ, ತಗಡಿನ ಅಂಚಿನ ಮೇಲೆ. ಪ್ರತಿ ಒದೆತಕ್ಕೂ ಒಂದೊಂದು ಕಡೆ ಸರಿಯುತ್ತದೆ. ಎಷ್ಟು ಬಿಗಿ ಮಾಡಿದರೆ ಅಷ್ಟು ಕೆಡುತ್ತದೆ.

ಇತಿಹಾಸಪ್ರಿಯ
1898ರ ಮೌಸರ್ ರೈಫಲ್ ಮಾಡಿದವರಿಗೆ ಇದು ಗೊತ್ತಿತ್ತು ನೋಡಿ. ಅದರಲ್ಲಿ ಟ್ರಿಗರ್ ಗಾರ್ಡೂ ಪೆಟ್ಟಿಗೆಯೂ ಒಂದೇ ತುಂಡು. ಹಿಂದಿನ ಸ್ಕ್ರೂ ಹೋಗುವ ಜಾಗದಲ್ಲಿ ಮರ ಅಮುಕದ ಹಾಗೆ ಉಕ್ಕಿನ ಕೊಳವೆ ಇಟ್ಟಿದ್ದರು. ಸ್ಕ್ರೂ ತಿರುಗಿ ಸಡಿಲ ಆಗದಂತೆ ಪಕ್ಕದಲ್ಲಿ ಇನ್ನೊಂದು ಚಿಕ್ಕ ಸ್ಕ್ರೂ ಬೇರೆ. 308 ತೋಟಾ ಮಾರುಕಟ್ಟೆಗೆ ಬಂದಿದ್ದೇ 1952ರಲ್ಲಿ, ಅಷ್ಟು ಹೊತ್ತಿಗೆ ಈ ಜಾಣತನ ಎಷ್ಟೋ ಬೇಟೆ ರೈಫಲ್ಲುಗಳಲ್ಲಿ ಮಾಯವಾಗಿತ್ತು.

ಸುಮ್ನೆ ಓದುಗ
ಈಗ ಇತಿಹಾಸದ ಪಿರಿಯಡ್.

ಕಾಡುಹಾದಿ
ಹಳೇ ಬೋಲ್ಟ್ ಸರ್, ನಮಸ್ಕಾರ ನಿಮಗೆ! ಮುಂದಿನ ಸ್ಕ್ರೂ ಸಡಿಲಿಸುತ್ತಿದ್ದಂತೆ ನಳಿಗೆ ಬೆರಳಿನ ಕೆಳಗೆ ಎದ್ದು ಬಂತು, ಕಣ್ಣಿಗೇ ಕಾಣುವಷ್ಟು. ಪೆಟ್ಟಿಗೆ ಅಲುಗಾಡುವುದೇ ಇಲ್ಲ, ಬೆಸುಗೆ ಹಾಕಿದ ಹಾಗೆ ಕೂತಿದೆ. ಬಿಚ್ಚಿ ನೋಡಿದರೆ ಪೆಟ್ಟಿಗೆಯ ಮೇಲಂಚು ತಾಗಿದ ಕಡೆ ಆ್ಯಕ್ಷನ್ನಿನ ತಳದಲ್ಲಿ ಹೊಳೆಯುವ ಗೆರೆ ಬಿದ್ದಿದೆ. ಹೋದ ಸೀಸನ್ ಸರಿ ಇದ್ದಿದ್ದು ಈಗ ಯಾಕೆ ಹೀಗಾಯಿತು?

ಇತಿಹಾಸಪ್ರಿಯ
ಬೀರುವಿನಲ್ಲಿ ಒಣಗಿ ಮರ ಕುಗ್ಗಿದೆ.

ನಳಿಗೆ ಪುರಾಣ
ಮರ ಕುಗ್ಗಿದರೆ ಉದ್ದವೂ ಕಮ್ಮಿ ಆಗಬೇಕಲ್ಲ? ಹಿಂಬದಿಯ ರಬ್ಬರ್ ಪ್ಯಾಡ್ ಹತ್ತಿರ ಸಂದು ಬಂದಿದೆಯಾ?

ಹಳೇ ಬೋಲ್ಟ್
ನಾರಿನ ಎಳೆಯ ಉದ್ದಕ್ಕೆ ಮರ ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ, ಎಳೆಗೆ ಅಡ್ಡವಾಗಿ ಕುಗ್ಗುತ್ತದೆ. ಸ್ಕ್ರೂ ಹೋಗುವುದು ಎಳೆಗೆ ಅಡ್ಡವಾಗಿಯೇ. ಒಣಗಿರುವುದೂ ಇರಬಹುದು. ಆದರೆ ನನಗೆ ಜಾಸ್ತಿ ಅನುಮಾನ ಎಣ್ಣೆಯ ಮೇಲೆ. ಧಾರಾಳವಾಗಿ ಎಣ್ಣೆ ಬಿಟ್ಟು ಬಾಯಿ ಮೇಲೆ ಮಾಡಿ ನಿಲ್ಲಿಸಿದರೆ ಎಣ್ಣೆ ಇಳಿದು ಬಂದು ಆ್ಯಕ್ಷನ್ ಕೂರುವ ಜಾಗದ ಮರಕ್ಕೇ ಸೇರುತ್ತದೆ. ಅದು ವರ್ಷಗಟ್ಟಲೆ ನಡೆದರೆ ಮರ ಮೆತ್ತಗಾಗಿ ಸ್ಕ್ರೂ ಬಿಗಿದ ಕಡೆ ಅಮುಕುತ್ತದೆ. ಹಿಂದಿನ ಸ್ಕ್ರೂ ಸುತ್ತ ಮರ ಕಪ್ಪಾಗಿದೆಯಾ ನೋಡಿ. ಉಗುರಿನಲ್ಲಿ ಒತ್ತಿ, ಗುರುತು ಬೀಳುತ್ತದಾ?

ಕಾಡುಹಾದಿ
ಕಪ್ಪಾಗಿದೆ ಸರ್. ಉಗುರಿನ ಗುರುತೂ ಬಿತ್ತು. ಯಾವಾಗಲೂ ಬಾಯಿ ಮೇಲೆ ಮಾಡಿಯೇ ನಿಲ್ಲಿಸುವುದು. ಮತ್ತೆ ಪೆಟ್ಟಿಗೆಯ ಅಂಚನ್ನು ಅರದಿಂದ ಸ್ವಲ್ಪ ಉಜ್ಜಿದರೆ ಆಗುತ್ತದಾ?

ಬೈಪಾಡ್ ಭೂಪ
ಉಜ್ಜಿಬಿಡಿ, ಅರ್ಧ ಗಂಟೆ ಕೆಲಸ.

ಗುರಿಗಣ್ಣು
ಉಜ್ಜಿದರೆ ಈ ವರ್ಷ ಸರಿಹೋಗುತ್ತದೆ, ಮರ ಮೆತ್ತಗೇ ಇದೆಯಲ್ಲ, ಮುಂದಿನ ವರ್ಷ ಮತ್ತೆ ಅಮುಕುತ್ತದೆ. ಆಗ ಮತ್ತೆ ಉಜ್ಜುತ್ತೀರಾ? ಎರಡು ಸ್ಕ್ರೂಗೂ ಲೋಹದ ಪಿಲ್ಲರ್ (ಕೊಳವೆ) ಕೂರಿಸಿ, ಎಪಾಕ್ಸಿ ಬೆಡ್ಡಿಂಗ್ (ಆ್ಯಕ್ಷನ್ ಕೂರುವ ಜಾಗಕ್ಕೆ ಗಟ್ಟಿ ಅಂಟಿನ ಅಚ್ಚು) ಮಾಡಿಸಿ. ಆಮೇಲೆ ಮರ ಏನೇ ಆದರೂ ಸ್ಕ್ರೂ ಲೋಹವನ್ನೇ ಬಿಗಿಯುತ್ತದೆ.

ಬೈಪಾಡ್ ಭೂಪ
ಹಳೇ ವಾಲ್ನಟ್ ಸ್ಟಾಕನ್ನು ಕೊರೆಯೋದಾ? ಅಂದ ಹೋಗುತ್ತದೆ.

ಗುರಿಗಣ್ಣು
ಒಳಗೆ ಕೊರೆಯುವುದು ಸ್ವಾಮಿ, ಹೊರಗೆ ಏನೂ ಕಾಣಲ್ಲ.

ಹಳೇ ಬೋಲ್ಟ್
ಸದ್ಯಕ್ಕೆ ಖಾತ್ರಿ ಮಾಡಿಕೊಳ್ಳಲು ಅರ ಬೇಡ. ಆ್ಯಕ್ಷನ್ ಕೂರುವ ಜಾಗದಲ್ಲಿ ಮುಂದೆ ಹಿಂದೆ ತೆಳು ಹಿತ್ತಾಳೆ ತಗಡಿನ ಚೂರು ಇಟ್ಟು, ಪೆಟ್ಟಿಗೆ ಸ್ವಲ್ಪ ಆಡುವಷ್ಟು ಎತ್ತರ ಮಾಡಿ. ಪಿಲ್ಲರ್ ಇಲ್ಲದ ಮರದಲ್ಲಿ ಸ್ಟಾಕಿನ ಸ್ಕ್ರೂಗೆ 35ರಿಂದ 40 ಇಂಚು-ಪೌಂಡ್ ಸಾಕು, 65 ಹಾಕುವುದು ಅಲ್ಯೂಮಿನಿಯಂ ಬ್ಲಾಕ್ ಅಥವಾ ಪಿಲ್ಲರ್ ಇರುವ ಸ್ಟಾಕಿಗೆ. ಬಿಗಿದ ಮೇಲೆ ಬೋಲ್ಟ್ ಸಲೀಸಾಗಿ ಆಡುತ್ತದಾ, ಟ್ರಿಗರ್ ಮತ್ತು ಸೇಫ್ಟಿ ಸರಿಯಾಗಿ ಕೆಲಸ ಮಾಡುತ್ತವಾ ನೋಡಿಯೇ ಹೊಡೆಯಿರಿ.

ಕಾಡುಹಾದಿ
ತಗಡು ಇಟ್ಟು ಹೊಡೆದೆ. ಒಂದೂವರೆ ಇಂಚಿಗೆ ಸ್ವಲ್ಪ ಮೇಲೆ, ಅಷ್ಟೇ! ಬೆಡ್ಡಿಂಗ್ ಮಾಡಿಸುವುದು ಅಂತ ತೀರ್ಮಾನ ಮಾಡಿದೆ. ಆದರೆ ಎಣ್ಣೆ ಕುಡಿದ ಮರಕ್ಕೆ ಎಪಾಕ್ಸಿ ಹಿಡಿಯುತ್ತದಾ?

ಹಳೇ ಬೋಲ್ಟ್
ಹಿಡಿಯಲ್ಲ, ಮೊದಲು ಎಣ್ಣೆ ತೆಗೆಯಬೇಕು. ಸೀಮೆಸುಣ್ಣದ ನುಣ್ಣನೆ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಕಪ್ಪಾದ ಜಾಗಕ್ಕೆ ದಪ್ಪಗೆ ಮೆತ್ತಿ. ಒಣಗುತ್ತಾ ಎಣ್ಣೆ ಹೀರಿ ಪುಡಿ ಹಳದಿ ಆಗುತ್ತದೆ. ಕೆರೆದು ತೆಗೆದು ಮತ್ತೆ ಮೆತ್ತಿ, ಪುಡಿ ಬೆಳ್ಳಗೇ ಉಳಿಯುವ ತನಕ. ಬಯಲಲ್ಲಿ ಮಾಡಿ, ಹತ್ತಿರ ಬೆಂಕಿ ಇರಬಾರದು. ಹೊರಗಿನ ಪಾಲಿಶ್ ಮೇಲೆ ಬಿದ್ದರೆ ಕಿತ್ತುಬರುತ್ತದೆ, ಟೇಪ್ ಅಂಟಿಸಿಕೊಳ್ಳಿ. ಮರ ಒಳಗೆ ಪುಡಿಪುಡಿ ಆಗಿದ್ದರೆ ಆ ಭಾಗ ಕೆರೆದು ತೆಗೆದು ಎಪಾಕ್ಸಿ ತುಂಬಬೇಕು. ಇನ್ನು ಮೇಲೆ ಎಣ್ಣೆ ನಾಲ್ಕು ಹನಿ ಸಾಕು, ನಿಲ್ಲಿಸುವುದಾದರೆ ಬಾಯಿ ಕೆಳಗೆ.

ಪ್ಯಾಚ್ ಪ್ರೇಮಿ
ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಕ್ರೌನ್ ಗತಿ?

ಹಳೇ ಬೋಲ್ಟ್
ಕೆಳಗೆ ದಪ್ಪ ಸ್ಪಂಜ್ ಇಡಿ ಮಾರಾಯ್ರೇ.

ಗುರಿಗಣ್ಣು
ಬೆಡ್ಡಿಂಗ್ ಆದ ಮೇಲೆ ಹತ್ತು ಗುಂಡಿನ ಟಾರ್ಗೆಟ್ ಫೋಟೋ ಹಾಕಿ. ಮೂರು ಗುಂಡಿನದ್ದು ಹಾಕಿದರೆ ನಾನಂತೂ ನೋಡಲ್ಲ.